ನಮ್ಮ ಪ್ರಾಥಮಿಕ ಶಾಲೆಗೆ ಬಂದ ಹೊರಗಿನ ದೈಹಿಕ ಶಿಕ್ಷಣ ಸೇವೆ: ಒಂದು ವರ್ಷದ ವಿಮರ್ಶೆ

ಬೆಂಗಳೂರಿನ ಸಣ್ಣ ಖಾಸಗಿ ಶಾಲೆಗಳು ಆಟದ ಪೀರಿಯಡ್ಡನ್ನು ಹೊರಗಿನ ಸಂಸ್ಥೆಗಳಿಗೆ ವಹಿಸಿಕೊಡುವುದು ಈಗ ಅಪರೂಪವಲ್ಲ. ನಾನು ಆಡಳಿತ ಮಂಡಳಿಯ ಸದಸ್ಯೆಯಾಗಿರುವ, ದಕ್ಷಿಣ ಬೆಂಗಳೂರಿನ ಒಂದು ಪ್ರಾಥಮಿಕ ಶಾಲೆಯೂ ಕಳೆದ ಜೂನ್‌ನಿಂದ ಇಂಥದೊಂದು ಸೇವೆಯನ್ನು ಪಡೆಯುತ್ತಿದೆ. ಸಂಸ್ಥೆಯ ಹೆಸರನ್ನು ನಾನು ಹೇಳುವುದಿಲ್ಲ. ಇದೇ ರೀತಿಯ ಸೇವೆ ಒದಗಿಸುವವರು ನಗರದಲ್ಲಿ ಹಲವರಿರುವುದರಿಂದ, ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಶಾಲೆಯವರೂ ಪೋಷಕರೂ ಯಾವುದನ್ನು ವಿಚಾರಿಸಬೇಕು ಎಂಬುದೇ ಇಲ್ಲಿ ಮುಖ್ಯ. ನಾನು ಇಟ್ಟುಕೊಂಡ ಅಳತೆಗೋಲು ಒಂದೇ: ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ತರಗತಿಯ ಪ್ರತಿಯೊಂದು ಮಗುವೂ, ಅದರಲ್ಲೂ ಆಟದಲ್ಲಿ ಹಿಂದೆ ಉಳಿಯುವ ಮಗು, ನಿಜವಾಗಿ ಎಷ್ಟು ಹೊತ್ತು ಆಡಿತು?

ಇಂಥ ಸೇವೆಯ ಅಗತ್ಯವೇಕೆ ಬಂತು ಎಂಬುದನ್ನೂ ಹೇಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಶಾಲೆಗೆ ಆಟದ ಮೈದಾನ ಇರಬೇಕೆಂದೂ ಪ್ರತಿ ತರಗತಿಗೆ ಬೇಕಾದ ಆಟದ ಸಾಮಗ್ರಿ ಒದಗಿಸಬೇಕೆಂದೂ ಹೇಳುತ್ತದೆ. ಆದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಬೇಕೆಂದು ಅದು ಹೇಳುವುದು ಆರರಿಂದ ಎಂಟನೆಯ ತರಗತಿಗಳಿಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿರುವಲ್ಲಿ ಮಾತ್ರ. ಓಡುವುದು, ನೆಗೆಯುವುದು, ಎಸೆಯುವುದು, ಹಿಡಿಯುವುದು ಮೈಗೂಡಬೇಕಾದ ವಯಸ್ಸಿನಲ್ಲಿರುವ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಪ್ರತ್ಯೇಕ ಪಿ.ಟಿ. ಮೇಷ್ಟ್ರನ್ನು ಕೊಡಲೇಬೇಕೆಂಬ ಒತ್ತಾಯ ಆ ಅನುಸೂಚಿಯಲ್ಲಿಲ್ಲ. ಅವರ ಆಟದ ಪೀರಿಯಡ್ಡು ತರಗತಿ ಶಿಕ್ಷಕಿಯ ಪಾಲಿಗೆ ಬರುತ್ತದೆ, ಪರೀಕ್ಷೆ ಹತ್ತಿರವಾದಾಗ ಗಣಿತದ ಪಾಲಾಗುತ್ತದೆ. ನಮ್ಮಲ್ಲಿಯೂ ಹಾಗೆಯೇ ಆಗುತ್ತಿತ್ತು.

ಈ ಸೇವೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಒಂದರಿಂದ ಮೂರನೆಯ ತರಗತಿಯವರೆಗಿನ ಪಾಠಯೋಜನೆ. ನಮ್ಮ ಶಾಲೆಯ ಅಂಗಳ ಚಿಕ್ಕದು. ಅರ್ಧ ಬ್ಯಾಸ್ಕೆಟ್‌ಬಾಲ್ ಅಂಕಣಕ್ಕಿಂತ ಸ್ವಲ್ಪ ದೊಡ್ಡದಾದ ಸಿಮೆಂಟಿನ ನೆಲ. ಹಿಂದೆ ಅಲ್ಲಿ ಇಡೀ ತರಗತಿ ಒಂದೇ ಸಾಲಿನಲ್ಲಿ ನಿಂತು, ಒಂದೇ ಚೆಂಡಿಗಾಗಿ ಸರದಿ ಕಾಯುತ್ತಿತ್ತು. ಹೊಸ ತರಬೇತುದಾರರು ಅಂಗಳವನ್ನು ನಾಲ್ಕು ಭಾಗವಾಗಿ ಗುರುತಿಸಿ, ಮಕ್ಕಳನ್ನು ಹತ್ತು ಹತ್ತರ ಗುಂಪು ಮಾಡಿ, ಒಂದು ಕಡೆ ಹಗ್ಗದಾಟ, ಇನ್ನೊಂದು ಕಡೆ ಗುರಿಯಿಟ್ಟು ಎಸೆಯುವುದು, ಮತ್ತೊಂದು ಕಡೆ ಒಂಟಿ ಕಾಲಿನ ಸಮತೋಲನ, ನಾಲ್ಕನೆಯದರಲ್ಲಿ ಜೋಡಿಯಾಗಿ ಚೆಂಡು ಹಿಡಿಯುವುದು ಎಂದು ಹಂಚಿ, ಸೀಟಿ ಊದಿದೊಡನೆ ಗುಂಪುಗಳನ್ನು ಮುಂದಿನ ಭಾಗಕ್ಕೆ ಕಳಿಸುತ್ತಾರೆ. ಯಾರೂ ಸುಮ್ಮನೆ ನಿಲ್ಲುವುದಿಲ್ಲ. ಇದಕ್ಕೆ ದೊಡ್ಡ ಮೈದಾನ ಬೇಡ, ದುಬಾರಿ ಸಾಮಗ್ರಿಯೂ ಬೇಡ. ಮೊದಲೇ ಕುಳಿತು ಯೋಚಿಸಿದ ಯೋಜನೆ ಬೇಕು, ಮತ್ತು ಅದು ಇವರ ಬಳಿ ಇದೆ.

ಧಾರವಾಡದ ಕಡೆಯ ಯುವ ತರಬೇತುದಾರರೊಬ್ಬರು ಕೆರೆ–ದಡ, ಲಗೋರಿ, ಕುಂಟೆಬಿಲ್ಲೆಗಳನ್ನು ಪಾಠದೊಳಗೆ ತಂದ ರೀತಿಯನ್ನು ವಿಶೇಷವಾಗಿ ಹೇಳಲೇಬೇಕು. ಸಾಮಾನ್ಯವಾಗಿ ಕೆರೆ–ದಡದಲ್ಲಿ ತಪ್ಪು ನೆಗೆದವರು ಆಟದಿಂದ ಹೊರಗೆ. ಹಾಗಾದಾಗ ಹೆಚ್ಚು ಅಭ್ಯಾಸ ಬೇಕಾದ ಮಗುವೇ ಎಲ್ಲರಿಗಿಂತ ಮೊದಲು ಗೋಡೆಗೆ ಒರಗಿ ಕೂರುತ್ತದೆ. ಇವರು ತಪ್ಪಿದವರನ್ನು ಪಕ್ಕದಲ್ಲಿಯೇ ಎಳೆದ ಎರಡನೆಯ ಗೆರೆಗೆ ಕಳಿಸುತ್ತಾರೆ, ಅಲ್ಲಿಯೂ ಅದೇ ಆಟ ಮುಂದುವರಿಯುತ್ತದೆ. ಇಷ್ಟು ಸಣ್ಣ ಬದಲಾವಣೆಯಿಂದ ನಾಚಿಕೆ ಸ್ವಭಾವದ ಮಕ್ಕಳು ಕೊನೆಯವರೆಗೂ ಆಡುವುದನ್ನು ಕಂಡು ನನಗೆ ಬಹಳ ಸಂತೋಷವಾಯಿತು.

ಸಾಮಗ್ರಿಯ ಆಯ್ಕೆಯೂ ತಿಳಿವಳಿಕೆಯಿಂದ ಕೂಡಿದೆ. ಎಂಟು ವರ್ಷದೊಳಗಿನವರಿಗೆ ಮೂರನೆಯ ಅಳತೆಯ ಫುಟ್‌ಬಾಲ್, ಅದಕ್ಕಿಂತ ದೊಡ್ಡವರಿಗೆ ನಾಲ್ಕನೆಯ ಅಳತೆಯದು. ಬ್ಯಾಸ್ಕೆಟ್‌ಬಾಲ್ ಬಳೆಯನ್ನು ದೊಡ್ಡವರ 3.05 ಮೀಟರ್‌ಗೆ ಬದಲಾಗಿ ಮಕ್ಕಳ ಆಟದ 2.60 ಮೀಟರ್ ಎತ್ತರಕ್ಕೆ ಇಳಿಸಿದ್ದಾರೆ. ಆಟದ ದಿನ ಹೆಣ್ಣುಮಕ್ಕಳಿಗೂ ಟ್ರ್ಯಾಕ್ ಪ್ಯಾಂಟ್ ಮತ್ತು ಕ್ಯಾನ್ವಾಸ್ ಶೂ ಇರಲಿ ಎಂಬ ಸಲಹೆ ಕೊಟ್ಟವರೂ ಇವರೇ. ಲಂಗದಲ್ಲಿ ನೆಗೆಯಲು ಹಿಂಜರಿಯುತ್ತಿದ್ದ ನಾಲ್ಕನೆಯ ತರಗತಿಯ ಹುಡುಗಿಯರು ಈಗ ಸಂಕೋಚವಿಲ್ಲದೆ ಆಡುತ್ತಾರೆ. ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ನೆಲದ ಮೇಲೆ ಬಣ್ಣದಲ್ಲಿ ಬರೆದ ಕುಂಟೆಬಿಲ್ಲೆ ಮನೆಗಳು, ಮತ್ತು ಊಟದ ವಿರಾಮಕ್ಕೆಂದು ಇಟ್ಟ ಆಟದ ಪೆಟ್ಟಿಗೆ. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ ಎರಡು ಪೀರಿಯಡ್‌ಗಳಿಂದ ಅದು ತುಂಬುವುದಿಲ್ಲ. ವಿರಾಮದ ಹೊತ್ತೂ ಆಟದ ಹೊತ್ತಾದರೆ ಮಾತ್ರ ಅದರ ಹತ್ತಿರಕ್ಕಾದರೂ ಹೋಗಬಹುದು.

ಇನ್ನು ಕೊರತೆಗಳು. ದೈಹಿಕ ಸಾಮರ್ಥ್ಯದ ಪರೀಕ್ಷೆಯ ವಿಷಯದಲ್ಲಿ ಸಂಸ್ಥೆಯ ನಡೆ ನನಗೆ ಒಪ್ಪಿಗೆಯಾಗಲಿಲ್ಲ. ಕೇಂದ್ರ ಸರ್ಕಾರದ ಕ್ರೀಡಾ ಯೋಜನೆಯಾದ ಖೇಲೋ ಇಂಡಿಯಾದ ಶಾಲಾ ಮಕ್ಕಳ ಪರೀಕ್ಷೆಗಳಲ್ಲಿ ಐದರಿಂದ ಎಂಟು ವರ್ಷದವರಿಗೆ ಇರುವುದು ಮೂರೇ: ಎತ್ತರ–ತೂಕದಿಂದ ಲೆಕ್ಕ ಹಾಕುವ ಬಿಎಂಐ, ಒಂಟಿ ಕಾಲಿನಲ್ಲಿ ನಿಲ್ಲುವ ಫ್ಲೆಮಿಂಗೋ ಸಮತೋಲನ, ಮತ್ತು ಕೈಯ ಚುರುಕನ್ನು ನೋಡುವ ಪ್ಲೇಟ್ ಟ್ಯಾಪಿಂಗ್. 600 ಮೀಟರ್ ಓಟ, 50 ಮೀಟರ್ ಓಟ, ಪುಷ್‌ಅಪ್ ಮೊದಲಾದವು ಒಂಬತ್ತು ವರ್ಷ ತುಂಬಿದವರಿಗೆ. ಹೀಗಿರುವಾಗ ಎರಡನೆಯ ತರಗತಿಯ ಮಕ್ಕಳನ್ನೂ 600 ಮೀಟರ್ ಓಡಿಸಿ, ಬಂದ ಸಮಯಕ್ಕೆ ಕೆಂಪು, ಹಳದಿ, ಹಸಿರು ಬಣ್ಣ ಹಚ್ಚಿ ವರದಿ ಮುದ್ರಿಸುವುದಕ್ಕೆ ಸಮರ್ಥನೆಯೇ ಇಲ್ಲ. ಆ ವರದಿಯಲ್ಲಿ ಬಿಎಂಐ ಬರೀ ಅಂಕಿಯಾಗಿ ಅಚ್ಚಾಗಿತ್ತು. ಮಕ್ಕಳ ಬಿಎಂಐಯನ್ನು ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಬೆಳವಣಿಗೆಯ ಪಟ್ಟಿಯೊಡನೆ ಹೋಲಿಸಿ ಓದಬೇಕೇ ಹೊರತು ದೊಡ್ಡವರ ಮಿತಿಗಳೊಡನೆ ಅಲ್ಲ. ಈ ವಿವರಣೆ ಇಲ್ಲದ ಕಾರಣ, ಮಗುವಿನ ಅಂಕಿ ದೊಡ್ಡವರ ಕೆಳಮಿತಿಯಾದ 18.5ಕ್ಕಿಂತ ಕಡಿಮೆ ಇದೆಯೆಂದು ಗಾಬರಿಗೊಂಡ ಪೋಷಕರು ಶಾಲೆಗೆ ಬಂದರು. ವರದಿಯನ್ನು ಮುಚ್ಚಿದ ಲಕೋಟೆಯಲ್ಲಿ ಕೊಡದೆ ಮಕ್ಕಳ ಕೈಗೇ ಕೊಟ್ಟದ್ದರಿಂದ, ಅವರು ಒಬ್ಬರ ತೂಕವನ್ನೊಬ್ಬರು ಗಟ್ಟಿಯಾಗಿ ಓದುವಂತಾಯಿತು. ದಪ್ಪಗಿರುವ ಮಗುವನ್ನು ಆಟದಿಂದ ದೂರ ಮಾಡಲು ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ, ಮತ್ತು ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ನಾಲ್ಕು ಮತ್ತು ಐದನೆಯ ತರಗತಿಗಳಲ್ಲಿ ಇನ್ನೊಂದು ತೊಂದರೆ ಇದೆ. ಸಂಸ್ಥೆಯವರು ಸಂಜೆ ಹೊತ್ತು ಹಣ ಪಡೆದು ಫುಟ್‌ಬಾಲ್ ತರಬೇತಿಯನ್ನೂ ನಡೆಸುತ್ತಾರೆ. ದಸರಾ ರಜೆಯ ನಂತರ ಶಾಲೆಯ ಆಟದ ಪೀರಿಯಡ್ಡು ಆ ತರಬೇತಿಗೆ ಮಕ್ಕಳನ್ನು ಆರಿಸುವ ಹೊತ್ತಾಗಿ ಬದಲಾಯಿತು: ಚೆನ್ನಾಗಿ ಆಡುವ ಹತ್ತು ಹನ್ನೆರಡು ಮಕ್ಕಳು ಪಂದ್ಯ ಆಡಿದರು, ಉಳಿದವರು ಅಂಗಳದ ಅಂಚಿನಲ್ಲಿ ಕುಳಿತು ನೋಡಿದರು. ತರಬೇತಿಯ ಕರಪತ್ರ ಮಕ್ಕಳ ಚೀಲದಲ್ಲಿ ಮನೆಗೆ ಹೋಯಿತು. ಪ್ರತಿಭೆಯನ್ನು ಗುರುತಿಸುವುದಕ್ಕೆ ನನ್ನ ವಿರೋಧವಿಲ್ಲ, ವಲಯ ಮಟ್ಟದ ಕ್ರೀಡಾಕೂಟಕ್ಕೆ ತಂಡವೂ ಬೇಕು. ಆದರೆ ಅದು ಶಾಲೆ ಬಿಟ್ಟ ನಂತರ ನಡೆಯಲಿ. ಎಲ್ಲ ಮಕ್ಕಳ ಶುಲ್ಕದಿಂದ ನಡೆಯುವ ಪೀರಿಯಡ್ಡು ಎಲ್ಲ ಮಕ್ಕಳಿಗೂ ಸೇರಿದ್ದು.

ತರಬೇತುದಾರರು ಪದೇ ಪದೇ ಬದಲಾಗುವುದು ಮೂರನೆಯ ಸಮಸ್ಯೆ. ಧಾರವಾಡದವರನ್ನು ಜನವರಿಯಲ್ಲಿ ಬೇರೆ ಶಾಲೆಗೆ ಕಳಿಸಿದರು, ಬಂದವರಿಗೆ ದೈಹಿಕ ಶಿಕ್ಷಣದ ಬಿ.ಪಿ.ಎಡ್. ಪದವಿ ಇದ್ದರೂ ಯಾವ ಮಗುವಿಗೆ ಉಬ್ಬಸವಿದೆ, ಯಾರ ಕೈ ಮುರಿದು ಈಚೆಗೆ ಕೂಡಿದೆ ಎಂಬುದು ತಿಳಿದಿರಲಿಲ್ಲ, ಆ ಪಟ್ಟಿಯನ್ನು ಸಂಸ್ಥೆ ಅವರಿಗೆ ದಾಟಿಸಿರಲಿಲ್ಲ. ಕಾಯಂ ತರಬೇತುದಾರರ ಪೊಲೀಸ್ ಪರಿಶೀಲನೆಯ ಪತ್ರ ನಮ್ಮ ಕಚೇರಿಯಲ್ಲಿದೆ, ಅವರು ರಜೆ ಹಾಕಿದ ದಿನ ಬದಲಿಯಾಗಿ ಬಂದವರದು ಕೇಳಿದರೂ ಬರಲಿಲ್ಲ. ಇಷ್ಟು ಚಿಕ್ಕ ಮಕ್ಕಳ ವಿಷಯದಲ್ಲಿ ಇದು ಕಾಗದಪತ್ರದ ಸಣ್ಣ ಲೋಪವೆಂದು ಬಿಡುವಂಥದ್ದಲ್ಲ.

ವಾರ್ಷಿಕ ಕ್ರೀಡಾದಿನವನ್ನು ಅಚ್ಚುಕಟ್ಟಾಗಿ ನಡೆಸಿಕೊಟ್ಟರು. ಶುಲ್ಕ ಮಗುವಿಗೆ ವರ್ಷಕ್ಕೆ ಸುಮಾರು ಎರಡು ಸಾವಿರ ರೂಪಾಯಿ, ಸಾಮಗ್ರಿಯ ವೆಚ್ಚ ಬೇರೆ. ಮಾಡಿದ ಕೆಲಸಕ್ಕೆ ಇದು ಹೆಚ್ಚೆಂದು ನನಗೆ ಅನಿಸುವುದಿಲ್ಲ.

ಬರುವ ಜೂನ್‌ನಿಂದ ಒಪ್ಪಂದವನ್ನು ಮುಂದುವರಿಸೋಣವೆಂದೇ ನಾನು ಮಂಡಳಿಗೆ ಹೇಳಿದ್ದೇನೆ, ಆದರೆ ಷರತ್ತುಗಳೊಡನೆ: ಪೀರಿಯಡ್‌ನಲ್ಲಿ ಸಂಜೆಯ ತರಬೇತಿಯ ಆಯ್ಕೆಯಾಗಲಿ ಪ್ರಚಾರವಾಗಲಿ ಕೂಡದು, ವಯಸ್ಸಿಗೆ ತಕ್ಕ ಪರೀಕ್ಷೆಗಳನ್ನಷ್ಟೇ ಮಾಡಿ, ಫಲಿತಾಂಶವನ್ನು ಪೋಷಕರಿಗೆ ಮಾತ್ರ, ವಿವರಣೆಯೊಂದಿಗೆ ಕೊಡಬೇಕು, ವರ್ಷದ ನಡುವೆ ತರಬೇತುದಾರರನ್ನು ಬದಲಿಸಬೇಕಾದರೆ ಹಳಬರೂ ಹೊಸಬರೂ ಒಂದು ವಾರ ಜೊತೆಯಲ್ಲಿ ಪಾಠ ಮಾಡಬೇಕು, ಪರಿಶೀಲನೆಯ ಪತ್ರವಿಲ್ಲದ ಬದಲಿಯವರಿಗೆ ಗೇಟಿನೊಳಗೆ ಪ್ರವೇಶವಿಲ್ಲ. ತಮ್ಮದೇ ಉತ್ಸಾಹಿ ದೈಹಿಕ ಶಿಕ್ಷಕರಿರುವ ಶಾಲೆಗಳಿಗೆ ಈ ಪೂರ್ಣ ಸೇವೆಯ ಅಗತ್ಯವಿಲ್ಲ; ಅಂಥವರು ಇದೇ ಸಂಸ್ಥೆ ಬೇಸಿಗೆ ರಜೆಯಲ್ಲಿ ಶಿಕ್ಷಕರಿಗಾಗಿ ನಡೆಸುವ ತರಬೇತಿಯನ್ನಷ್ಟೇ ಪಡೆದು, ಉಳಿದ ಹಣವನ್ನು ಚೆಂಡು, ಹಗ್ಗ ಮತ್ತು ನೆಲದ ಬಣ್ಣಕ್ಕೆ ಬಳಸುವುದು ಒಳಿತು.