ಕುಡಿದವರನ್ನು ಮನೆಗೆ ಬಿಡುವ ಸೇವೆ: ಮೂರು ದಾರಿಗಳಲ್ಲಿ ಯಾವುದು ಮೇಲು?

ಬಾರಿನಿಂದ ಹೊರಬಂದವರನ್ನು ಸುರಕ್ಷಿತವಾಗಿ ಮನೆ ಮುಟ್ಟಿಸುವ ಕೆಲಸವನ್ನು ದುಡ್ಡು ತೆಗೆದುಕೊಳ್ಳದೆ ಮಾಡಬೇಕು ಅನ್ನುವವರಿಗೆ ಮುಖ್ಯವಾಗಿ ಮೂರು ದಾರಿಗಳಿವೆ. ಒಂದು, ಗೆಳೆಯರ ಗುಂಪಿನಲ್ಲಿ ನೀವೊಬ್ಬರು ಕುಡಿಯದೆ ಉಳಿದು ಎಲ್ಲರನ್ನೂ ಬಿಡುವುದು. ಎರಡು, ನಿಮ್ಮ ಕಾರಿನಲ್ಲಿ ಗುರುತಿಲ್ಲದವರನ್ನು ಕೂರಿಸಿಕೊಂಡು ಹೋಗುವುದು. ಮೂರು, ತಂಡವಾಗಿ ಹೋಗಿ ಅವರ ಗಾಡಿಯನ್ನೇ ಓಡಿಸಿಕೊಂಡು ಅವರನ್ನೂ ಗಾಡಿಯನ್ನೂ ಒಟ್ಟಿಗೆ ಮನೆಗೆ ತಲುಪಿಸುವುದು. ಮೂರನ್ನೂ ಮಾಡಿ ನೋಡಿದ್ದೇನೆ. ನನ್ನ ಓಟು ಮೂರನೆಯದಕ್ಕೆ. ಯಾಕೆ ಅಂದರೆ, ಕುಡಿದವನು ಮನೆಗೆ ಬರಲ್ಲ ಅಂತ ಹಟ ಮಾಡುವುದು ಕಮ್ಮಿ, ಗಾಡಿ ಬಿಟ್ಟು ಬರಲ್ಲ ಅಂತ ಹಟ ಮಾಡುವುದೇ ಜಾಸ್ತಿ.

ಗೆಳೆಯರ ಗುಂಪಿನದು ಎಲ್ಲಕ್ಕಿಂತ ಸುಲಭ. ಯಾರ ಮನೆ ಎಲ್ಲಿ ಅಂತ ಗೊತ್ತಿರುತ್ತದೆ, ಯಾರು ಕುಡಿದರೆ ಅಳುತ್ತಾರೆ, ಯಾರು ಜಗಳ ತೆಗೆಯುತ್ತಾರೆ ಅಂತಲೂ ಗೊತ್ತಿರುತ್ತದೆ. ಅಮೆರಿಕದಲ್ಲಿ ಹಾರ್ವರ್ಡ್‌ನವರು 1988ರಲ್ಲಿ ಟಿವಿ ಧಾರಾವಾಹಿಗಳವರನ್ನೂ ಒಪ್ಪಿಸಿ ಜನರಿಗೆ ಮುಟ್ಟಿಸಿದ್ದು ಇದನ್ನೇ. ಬೆಲ್ಜಿಯಂನಲ್ಲಿ 1995ರಿಂದ ಹೀಗೆ ಕುಡಿಯದೆ ಉಳಿಯುವವರಿಗೆ 'ಬಾಬ್' ಅಂತ ಹೆಸರೇ ಬಿದ್ದಿದೆ. ಐಡಿಯಾ ಚೆನ್ನಾಗಿದೆ. ಎಡವಟ್ಟಾಗುವುದು ಎಲ್ಲಿ ಅಂದರೆ, ಇವತ್ತು ಗಾಡಿ ಯಾರು ಓಡಿಸಬೇಕು ಅನ್ನುವ ಮಾತು ಬರುವುದೇ ಬಿಲ್ ಬಂದಮೇಲೆ. ಆಗ ಇದ್ದವರಲ್ಲಿ ಕಮ್ಮಿ ಕುಡಿದವನೇ ಡ್ರೈವರ್! ಫ್ಲೋರಿಡಾ ವಿಶ್ವವಿದ್ಯಾಲಯದ ಸಂಶೋಧಕರು ರಾತ್ರಿ ಬಾರುಗಳ ಹತ್ತಿರ ನಿಂತು 'ಇವತ್ತು ನಾನೇ ಡ್ರೈವರ್' ಅಂದವರ ಉಸಿರು ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಕುಡಿದಿದ್ದರು.

ಕುಡಿಯುವ ಮೇಜಿನಲ್ಲಿ ಗಂಟೆಗಟ್ಟಲೆ ಕೂತವನಿಗೆ 'ಒಂದೇ ಒಂದು ತಗೋ, ಏನಾಗಲ್ಲ' ಅನ್ನುವ ಒತ್ತಾಯ ಬಂದೇ ಬರುತ್ತದೆ. ಇದಕ್ಕೆ ನಾನು ಮಾಡುವುದು ಇಷ್ಟೇ: ಮನೆಯಿಂದ ಹೊರಡುವ ಮುಂಚೆಯೇ ಎಲ್ಲರ ಕೀ ಇಸಿದುಕೊಳ್ಳುವುದು. ಕೀ ಜೇಬಿಗೆ ಬಂದಮೇಲೆ ಒತ್ತಾಯ ತಾನಾಗಿ ಕಮ್ಮಿಯಾಗುತ್ತದೆ, ಯಾಕೆಂದರೆ ಆಗ ಎಲ್ಲರ ಮನೆದಾರಿ ನಿಮ್ಮ ಕೈಯಲ್ಲಿದೆ. ಮಿತಿಯೊಳಗೆ ಕುಡಿದರೆ ತಪ್ಪೇನು ಅಂತ ವಾದ ಮಾಡುವವರೂ ಇದ್ದಾರೆ. ಯಾವ ಮಿತಿ? 100 ಮಿಲಿ ರಕ್ತದಲ್ಲಿ ಇಷ್ಟು ಗ್ರಾಂ ಆಲ್ಕೋಹಾಲ್ ಅಂತ ಕಾನೂನು ಲೆಕ್ಕ ಹಾಕುತ್ತದೆ. ಅದು ಸ್ವೀಡನ್‌ನಲ್ಲಿ 0.02, ಭಾರತದಲ್ಲಿ 0.03, ಅಮೆರಿಕದ ಯೂಟಾದಲ್ಲಿ 0.05, ಆ ದೇಶದ ಉಳಿದ ರಾಜ್ಯಗಳಲ್ಲಿ 0.08. ಊರೂರಿಗೆ ಬದಲಾಗುವ ಈ ಅಂಕಿ ಕೇಸು ಹಾಕುವುದಕ್ಕೆ ಸರಿ. ಇನ್ನೊಬ್ಬರ ಜೀವದ ಹೊಣೆ ಹೊತ್ತವರಿಗೆ ಸೊನ್ನೆ ಒಂದೇ ಮಿತಿ.

ಎರಡನೆಯ ದಾರಿ, ಅಂದರೆ ಒಬ್ಬರೇ ನಿಮ್ಮ ಕಾರು ತೆಗೆದುಕೊಂಡು ಹೋಗುವುದು, ಹೊರಗಿನಿಂದ ನೋಡಿದರೆ ತುಂಬಾ ಸರಳ. ನಿಮ್ಮ ಗಾಡಿ ನಿಮಗೆ ರೂಢಿ, ಇನ್ಶೂರೆನ್ಸ್ ನಿಮ್ಮದು, ಯಾರಿಗೂ ಕಾಯಬೇಕಿಲ್ಲ. ಆದರೆ ಮೂರರಲ್ಲಿ ಇದೇ ಕಷ್ಟದ್ದು. ಕುಡಿದ ಅಪರಿಚಿತರ ಜೊತೆ ರಾತ್ರಿ ನೀವೊಬ್ಬರೇ ಇರುತ್ತೀರಿ. ಇನ್ನೊಂದು ವಿಷಯ ತುಂಬಾ ಜನ ಯೋಚಿಸುವುದಿಲ್ಲ: ರಕ್ತದಲ್ಲಿ ಆಲ್ಕೋಹಾಲ್ ಏರುವುದು ಕೊನೆಯ ಗುಟುಕಿಗೇ ನಿಲ್ಲುವುದಿಲ್ಲ, ಅದಾದಮೇಲೂ ಅರ್ಧದಿಂದ ಒಂದೂವರೆ ಗಂಟೆಯವರೆಗೆ ಏರುತ್ತಾ ಹೋಗಬಹುದು. ಬಾಗಿಲಲ್ಲಿ ನೆಟ್ಟಗೆ ನಿಂತು ಮಾತಾಡಿದವರು ಅರ್ಧ ದಾರಿಯಲ್ಲಿ ತೊದಲುತ್ತಾರೆ, ಆಮೇಲೆ ವಿಳಾಸ ಕೇಳಿದರೆ 'ಮುಂದೆ ಹೋಗಿ, ಹೇಳ್ತೀನಿ' ಅಂತ ನಿದ್ದೆಗೆ ಜಾರುತ್ತಾರೆ. ಅದಕ್ಕೇ ಕಾರು ಹತ್ತಿಸುವ ಮೊದಲೇ ವಿಳಾಸ ಕೇಳಿ ಮ್ಯಾಪಿಗೆ ಹಾಕಿಬಿಡಬೇಕು, ಮನೆಯಲ್ಲಿ ಎದ್ದಿರುವವರ ನಂಬರಿಗೆ ಅವರ ಫೋನಿನಿಂದಲೇ ಕರೆ ಮಾಡಿಸಬೇಕು. ನಿಮ್ಮ ಬೆನ್ನ ಹಿಂದೆ ಕೂರಿಸಬೇಡಿ. ಹಿಂದಿನ ಸೀಟಿನ ಇನ್ನೊಂದು ಬದಿಗೆ ಕೂರಿಸಿ, ತಲೆ ತಿರುಗಿಸಿದರೆ ಮುಖ ಕಾಣಬೇಕು. ಬೆಲ್ಟ್ ನೀವೇ ಹಾಕಿ. ಚೈಲ್ಡ್ ಲಾಕ್ ಹಾಕಿರಲಿ, ಓಡುವ ಗಾಡಿಯ ಬಾಗಿಲು ತೆಗೆಯಲು ಕೈ ಹಾಕುವವರಿದ್ದಾರೆ. ಒಂದು ಗಟ್ಟಿ ಕವರ್, ಒಂದು ಬಾಟಲಿ ನೀರು, ಹಳೇ ಟವೆಲ್ ಕೈಗೆ ಸಿಗುವಂತಿರಲಿ.

ಎಬ್ಬಿಸಿದರೂ ಏಳದವರನ್ನು ಮಾತ್ರ ಕಾರಿಗೆ ಹತ್ತಿಸಲೇಬೇಡಿ. ನಿಮಿಷಕ್ಕೆ ಎಂಟಕ್ಕಿಂತ ಕಮ್ಮಿ ಉಸಿರು, ಎರಡು ಉಸಿರಿನ ಮಧ್ಯೆ ಹತ್ತು ಸೆಕೆಂಡಿಗಿಂತ ಜಾಸ್ತಿ ಅಂತರ, ತಣ್ಣಗಾದ ಮೈ, ನೀಲಿಗಟ್ಟಿದ ತುಟಿ: ಇದರಲ್ಲಿ ಒಂದು ಕಂಡರೂ ಆಂಬ್ಯುಲೆನ್ಸ್ ಕರೆಸಬೇಕು. ಅದು ಬರುವವರೆಗೆ ಅವರನ್ನು ಮಗ್ಗುಲಾಗಿ ಮಲಗಿಸಿ ಪಕ್ಕದಲ್ಲೇ ಇರಿ. ಅಂಗಾತ ಮಲಗಿದ್ದಾಗ ವಾಂತಿಯಾದರೆ ಉಸಿರುಕಟ್ಟಿ ಸಾಯಬಹುದು.

ಇಷ್ಟೆಲ್ಲಾ ಜೋಪಾನ ಮಾಡಿದರೂ ಎರಡನೆಯ ದಾರಿಯಲ್ಲಿ ಒಂದು ತೂತು ಉಳಿಯುತ್ತದೆ. ಅವರ ಗಾಡಿ ಬಾರಿನ ಮುಂದೆಯೇ ನಿಂತಿರುತ್ತದೆ. 'ಬೆಳಿಗ್ಗೆ ಬೇಗ ಕೆಲಸಕ್ಕೆ ಹೋಗಬೇಕು ಅಣ್ಣಾ, ಗಾಡಿ ಇಲ್ಲದೆ ಆಗಲ್ಲ, ನಿಧಾನಕ್ಕೆ ಹೋಗ್ತೀನಿ ಬಿಡಿ' ಅನ್ನುವ ಮಾತು ಎಷ್ಟು ಸಲ ಕೇಳಿದ್ದೇನೋ. ಕೀಯನ್ನು ಮುಷ್ಟಿಯಲ್ಲಿ ಎಷ್ಟು ಬಿಗಿಯಾಗಿ ಹಿಡಿದಿರುತ್ತಾರೆ ಅಂದರೆ ಅಂಗೈಯಲ್ಲಿ ಕೀಯ ಅಚ್ಚು ಬಿದ್ದಿರುತ್ತದೆ. ಬೇರೆಯವರ ಕಾರಿನಲ್ಲಿ ಬರಲು ಒಪ್ಪಿದವರಾದರೂ ಬೆಳಿಗ್ಗೆ ಗಾಡಿ ತರಲು ಓಡುತ್ತಾರೆ ಅಲ್ವಾ? ಲೆಕ್ಕ ಹಾಕಿ. ಮೈಯಿಂದ ಆಲ್ಕೋಹಾಲ್ ಇಳಿಯುವುದು ಗಂಟೆಗೆ ಸುಮಾರು 0.015ರಂತೆ. ಕಾಫಿ ಕುಡಿದರೂ, ತಣ್ಣೀರು ಸುರಿದುಕೊಂಡರೂ ಆ ವೇಗ ಬದಲಾಗುವುದಿಲ್ಲ. ರಾತ್ರಿ ಹನ್ನೆರಡಕ್ಕೆ 0.12 ಇದ್ದವರಿಗೆ ಬೆಳಿಗ್ಗೆ ಆರಕ್ಕೂ 0.03 ಉಳಿದಿರುತ್ತದೆ. ಅವರು 'ನಿದ್ದೆ ಆಯ್ತು, ಈಗ ಸರಿಯಾಗಿದೀನಿ' ಅಂದುಕೊಂಡೇ ಸ್ಟೇರಿಂಗ್ ಹಿಡಿಯುತ್ತಾರೆ.

ಮೂರನೆಯ ದಾರಿ ಈ ತೂತನ್ನು ಮುಚ್ಚುತ್ತದೆ. ಕೆನಡಾದ ಕ್ವಿಬೆಕ್ ನಗರದಲ್ಲಿ 1984ರಲ್ಲಿ ಜಾನ್ ಮರಿ ಡಿ ಕೊನಿಂಕ್ ಅನ್ನುವ ಗಣಿತದ ಪ್ರೊಫೆಸರ್ 'ಆಪರೇಷನ್ ರೆಡ್ ನೋಸ್' ಶುರು ಮಾಡಿದ್ದು ಹೀಗೆಯೇ. ಅವರು ಈಜು ತಂಡದ ಕೋಚ್ ಕೂಡ ಆಗಿದ್ದರು. ಅಲ್ಲಿ ಒಂದು ತಂಡ ಅಂದರೆ ಮೂವರು: ಗಿರಾಕಿಯ ಕಾರು ಓಡಿಸುವವರು ಒಬ್ಬರು, ಪಕ್ಕದಲ್ಲಿ ಕೂತು ದಾರಿ ಹೇಳುತ್ತಾ ಗಿರಾಕಿಯನ್ನು ನೋಡಿಕೊಳ್ಳುವವರು ಇನ್ನೊಬ್ಬರು, ಹಿಂದೆ ತಮ್ಮ ಕಾರಿನಲ್ಲಿ ಬಂದು ಇಬ್ಬರನ್ನೂ ವಾಪಸ್ ಕರೆದೊಯ್ಯುವವರು ಮತ್ತೊಬ್ಬರು. ನಾವೂ ಇದೇ ಲೆಕ್ಕದಲ್ಲಿ ಕೆಲಸ ಮಾಡಿದೆವು. 'ನಿಮ್ಮ ಗಾಡಿನೂ ನಿಮ್ಮ ಮನೆ ಮುಂದೆ ನಿಲ್ಲಿಸಿ ಬರ್ತೀವಿ ಸಾರ್' ಅಂದ ಕೂಡಲೇ ಆ ಬಿಗಿದ ಮುಷ್ಟಿ ಸಡಿಲವಾಗುವುದನ್ನು ಕಣ್ಣಾರೆ ನೋಡಬಹುದು. ವಾದ ಅಲ್ಲಿಗೇ ಮುಗಿಯುತ್ತದೆ. ಜೊತೆಗೆ ಒಬ್ಬರು ಇರುವುದರಿಂದ ಓಡಿಸುವವರ ಕಣ್ಣು ರಸ್ತೆ ಮೇಲೆಯೇ ಇರುತ್ತದೆ. ಇದು ಸಣ್ಣ ವಿಷಯ ಅಲ್ಲ.

ಇದರಲ್ಲಿ ಕಷ್ಟ ಬೇರೆ ಥರದ್ದು. ಪ್ರತಿ ಸಲ ಹೊಸ ಗಾಡಿ. ಕತ್ತಲಲ್ಲಿ ಸೀಟು ಸರಿಮಾಡಿಕೊಳ್ಳಬೇಕು, ಕನ್ನಡಿ ತಿರುಗಿಸಬೇಕು, ಹೆಡ್‌ಲೈಟ್ ಸ್ವಿಚ್ ಹುಡುಕಬೇಕು, ರಿವರ್ಸ್ ಗೇರಿಗೆ ರಿಂಗ್ ಎತ್ತಬೇಕೋ ಲಿವರ್ ಒತ್ತಬೇಕೋ ತಿಳಿದುಕೊಳ್ಳಬೇಕು, ಕ್ಲಚ್ ಎಲ್ಲಿ ಕಚ್ಚುತ್ತದೆ ಅಂತ ನಿಂತಲ್ಲೇ ನೋಡಬೇಕು. ಹಿಂದಿನಿಂದ ಮಾಲೀಕರು 'ಹುಷಾರು, ಬೇಗ' ಅಂತ ಅವಸರ ಮಾಡುತ್ತಿದ್ದರೂ ನಾನು ಇದೆಲ್ಲಾ ಮುಗಿಯದೆ ಗಾಡಿ ಅಲ್ಲಾಡಿಸುವುದಿಲ್ಲ. ಹೊರಡುವ ಮುಂಚೆ ಗಾಡಿಯ ನಾಲ್ಕೂ ಕಡೆ ಅವರ ಎದುರಿಗೇ ಫೋಟೋ ತೆಗೆದಿಟ್ಟುಕೊಳ್ಳಿ, ಹಳೇ ಗೀರು ಬೆಳಿಗ್ಗೆ ನಿಮ್ಮ ತಲೆಗೆ ಬರಬಾರದು. ಇನ್ಶೂರೆನ್ಸ್ ವಿಷಯವನ್ನು ತಂಡ ನಡೆಸುವವರ ಹತ್ತಿರ ಸೇರುವ ಮೊದಲೇ ಕೇಳಿ: ಬೇರೆಯವರ ಕಾರು ನನ್ನ ಕೈಯಲ್ಲಿದ್ದಾಗ ಡಿಕ್ಕಿಯಾದರೆ ಕಟ್ಟುವವರು ಯಾರು? ಇದಕ್ಕೆ ಬರವಣಿಗೆಯಲ್ಲಿ ಉತ್ತರ ಸಿಗದ ಕಡೆ ಸೇರಬೇಡಿ.

ಮಡಚುವ ಸ್ಕೂಟರನ್ನು ಗಿರಾಕಿಯ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಒಬ್ಬರೇ ಹೋಗಿಬರುವ ಕ್ರಮವೂ ಇದೆ, ದುಡ್ಡಿಗೆ ಮಾಡುವವರಿಗೆ ಅದು ಸರಿ. ಜೊತೆಗೆ ಒಬ್ಬರಿಲ್ಲದೆ ಈ ಕೆಲಸ ಬೇಡ ಅನ್ನುವುದು ನನ್ನ ಅಭಿಪ್ರಾಯ, ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ತಂಡ ಇಲ್ಲದ ಕಡೆ ಗೆಳೆಯರ ಗುಂಪಿನ ದಾರಿಯೇ ಒಳ್ಳೆಯದು, ಕೀ ಮೊದಲೇ ಕೈಗೆ ಬಂದಿರಬೇಕು ಅಷ್ಟೇ. ಎರಡನೆಯದನ್ನು ಬೈಕಿನಲ್ಲಿ ಬಂದವರಿಗೆ, ಗಾಡಿ ತರದವರಿಗೆ ಮಾತ್ರ ಇಟ್ಟುಕೊಳ್ಳಿ, ಆಗಲೂ ಇಬ್ಬರು ಹೋಗಿ. ಕುಡಿದವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವ ಯೋಚನೆಯೇ ಬೇಡ.

ಮೂರರಲ್ಲಿ ಯಾವುದಾದರೂ ಸರಿ, ಬಾರ್ ಮುಚ್ಚುವ ಹೊತ್ತಿಗೆ ಹೋಗಿ ನಿಂತರೆ ತಡವಾಯಿತು. ಎಲ್ಲರೂ ಒಟ್ಟಿಗೆ ಹೊರಬರುತ್ತಾರೆ, ನೀವು ಒಬ್ಬರ ಜೊತೆ ಮಾತಾಡುತ್ತಿರುವಾಗಲೇ ಇನ್ನಿಬ್ಬರು ಗಾಡಿ ಸ್ಟಾರ್ಟ್ ಮಾಡಿರುತ್ತಾರೆ. ಒಂದು ಗಂಟೆ ಮುಂಚೆಯೇ ಒಳಗೆ ಹೋಗಿ ಸಪ್ಲೈಯರ್ ಹತ್ತಿರ ಮಾತಾಡಿ. ಯಾವ ಮೇಜಿಗೆ ಎಷ್ಟು ಹೋಗಿದೆ ಅಂತ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ, ಬಿಲ್ ಕೊಡುವಾಗಲೇ 'ಇವರು ಬಿಟ್ಟು ಬರ್ತಾರೆ ಸಾರ್' ಅಂತ ಅವರೇ ಹೇಳಿದರೆ ಗಿರಾಕಿಗಳು ಬೇಗ ಒಪ್ಪುತ್ತಾರೆ.