ಚಿತ್ತಾ ಮಳೆ ಹಿಂದೆ ಸರಿದ ಮೇಲೆ ಕೇಳಬೇಕಾದ ನಾಲ್ಕು ಆಲ್ಬಮ್‌ಗಳು

ಚಿತ್ತಾ ಮಳೆ ಮುಗಿದು, ದಾವಣಗೆರೆಯ ಸುತ್ತಲಿನ ಊರುಗಳಲ್ಲಿ ಮೆಕ್ಕೆಜೋಳ ಒಣಗಲು ಬೀಳುವ ದಿನಗಳಲ್ಲಿ ಸಂಜೆ ಬೇಗ ಕತ್ತಲಾಗುತ್ತದೆ ಮತ್ತು ಗಾಳಿಯಲ್ಲಿ ತೆಳುವಾದ ಚಳಿ ಸೇರಿಕೊಳ್ಳುತ್ತದೆ. ಲಯದಲ್ಲಿ ಅವಸರವಿಲ್ಲದ ಡೌನ್‌ಟೆಂಪೊ ಸಂಗೀತಕ್ಕೂ ಅದರ ನೆರೆಯ ಹಿಪ್‌ಹಾಪ್‌ಗೂ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಸ್ಥಾನವನ್ನು ಯಾವ ಅನುಮಾನವೂ ಇಲ್ಲದೆ ಡಿಜೆ ಶ್ಯಾಡೋ ಅವರ 'ಎಂಡ್‌ಟ್ರೊಡ್ಯೂಸಿಂಗ್'ಗೆ ಕೊಡುತ್ತೇನೆ. 1996ರಲ್ಲಿ ಬಂದ ಈ ಆಲ್ಬಮ್ಮನ್ನು ಕ್ಯಾಲಿಫೋರ್ನಿಯಾದ ಈ ಕಲಾವಿದ ಬಹುತೇಕ ಸಂಪೂರ್ಣವಾಗಿ ಹಳೆಯ ಗ್ರಾಮಫೋನ್ ರೆಕಾರ್ಡುಗಳ ತುಣುಕುಗಳಿಂದಲೇ ಕಟ್ಟಿದ್ದಾರೆ. ಜನ ಮರೆತುಬಿಟ್ಟ ರೆಕಾರ್ಡುಗಳಿಂದ ಒಂದು ಡ್ರಮ್ ಪೆಟ್ಟು, ಒಂದು ಪಿಯಾನೊ ಸಾಲು, ಯಾರದೋ ಮಾತಿನ ಎಳೆ ಇವುಗಳನ್ನು ಕತ್ತರಿಸಿ, ಅಕಾಯ್ ಎಂಪಿಸಿ60 ಎಂಬ, ಧ್ವನಿಯ ತುಣುಕುಗಳನ್ನು ಹಿಡಿದಿಟ್ಟು ಬೇಕಾದಂತೆ ನುಡಿಸಿಕೊಡುವ ಸ್ಯಾಂಪ್ಲರ್‌ಗೆ ತುಂಬಿ, ಮೂಲದಲ್ಲಿ ಎಲ್ಲಿಯೂ ಇಲ್ಲದ ಹೊಸ ಭಾವವನ್ನು ಅವರು ಎಬ್ಬಿಸುತ್ತಾರೆ. 'ಮಿಡ್‌ನೈಟ್ ಇನ್ ಎ ಪರ್ಫೆಕ್ಟ್ ವರ್ಲ್ಡ್' ಹಾಡಿನ ಪಿಯಾನೊ ಅಮೆರಿಕದ ಸಂಗೀತ ಸಂಯೋಜಕ ಡೇವಿಡ್ ಆಕ್ಸೆಲ್‌ರಾಡ್ ಅವರ ರಚನೆಯೊಂದರಿಂದ ಬಂದದ್ದು. ಆ ಸಾಲು ಮರಳಿ ಮರಳಿ ಬರುತ್ತಿದ್ದರೂ ಕೆಳಗಿನ ಡ್ರಮ್ ಪ್ರತಿ ಸುತ್ತಿನಲ್ಲೂ ಸ್ವಲ್ಪ ಬದಲಾಗುವುದರಿಂದ ಕಿವಿ ಬೇಸರಗೊಳ್ಳುವುದಿಲ್ಲ. 'ಸ್ಟೆಮ್' ಭಾಗದಲ್ಲಿ ಮೃದುವಾದ ತಂತಿನಾದದ ನಡುವೆ ಡ್ರಮ್‌ಗಳು ಹಠಾತ್ತನೆ ಸಿಡಿದು ಮತ್ತೆ ಅಡಗುವುದನ್ನು ಇಯರ್‌ಫೋನ್ ಹಾಕಿಕೊಂಡು, ಕತ್ತಲಲ್ಲಿ ಒಮ್ಮೆಯಾದರೂ ಕೇಳಬೇಕು.

ಇಂಗ್ಲೆಂಡಿನ ಬ್ರಿಸ್ಟಲ್ ಭಾಗದ ಪೋರ್ಟಿಸ್‌ಹೆಡ್ ತಂಡದ 'ಡಮ್ಮಿ' (1994) ಇದಕ್ಕಿಂತ ದುಃಖದ ಸಂಗೀತ. ತಾವೇ ನುಡಿಸಿದ ಸಂಗೀತವನ್ನು ರೆಕಾರ್ಡಿನ ತಟ್ಟೆಗೆ ಇಳಿಸಿ, ಅದು ಹಳೆಯದಾಗಿ ಕೇಳಲೆಂದು ಸ್ಟುಡಿಯೋದ ನೆಲದ ಮೇಲೆ ಹಾಕಿ ತುಳಿದು, ಆಮೇಲೆ ಅದರಿಂದ ತುಣುಕುಗಳನ್ನು ಎತ್ತಿಕೊಂಡರಂತೆ. ಆ ಗರಗರ ಸದ್ದಿನ ಮೇಲೆ ತಂಡದ ಗಾಯಕಿ ಬೆತ್ ಗಿಬ್ಬನ್ಸ್ ಅವರ ದನಿ ಇನ್ನೇನು ಒಡೆದುಹೋಗುತ್ತದೆ ಎನ್ನುವಷ್ಟು ಹತ್ತಿರದಿಂದ ಕೇಳಿಸುತ್ತದೆ. ವರ್ಷದ ಅತ್ಯುತ್ತಮ ಆಲ್ಬಮ್ಮಿಗೆ ಬ್ರಿಟನ್ನಿನಲ್ಲಿ ಕೊಡುವ ಮರ್ಕ್ಯುರಿ ಪ್ರಶಸ್ತಿ 1995ರಲ್ಲಿ ಇದಕ್ಕೆ ಬಂದಿತ್ತು. ಮನಸ್ಸು ಮೊದಲೇ ಭಾರವಾಗಿರುವ ದಿನ ಇದನ್ನು ಹಚ್ಚಬೇಡಿ ಎಂದಷ್ಟೇ ನನ್ನ ಸಲಹೆ.

ಈ ಬಗೆಯ ಸಂಗೀತವನ್ನು ಹಿಂದೆಂದೂ ಕೇಳದವರಿಗೆ ಜಪಾನಿನ ನುಜಾಬೆಸ್ ಅವರ 'ಮೋಡಲ್ ಸೋಲ್' (2005) ಸೂಕ್ತ. ಜಾಝ್‌ನ ಪಿಯಾನೊ ಮತ್ತು ಹಿಪ್‌ಹಾಪ್‌ನ ತಾಳ ಇಲ್ಲಿ ಸ್ವಲ್ಪವೂ ಜಗಳವಿಲ್ಲದೆ ಕೂಡಿಕೊಂಡಿವೆ. ಕುಂದುವಾಡ ಕೆರೆಯ ಏರಿಯ ಮೇಲೆ ಸಂಜೆ ನಡೆಯುವಾಗ 'ಫೆದರ್' ಕೇಳಿದರೆ ಹೆಜ್ಜೆ ತಾನಾಗಿಯೇ ಅದರ ಲಯಕ್ಕೆ ಹೊಂದಿಕೊಳ್ಳುತ್ತದೆ. 2010ರಲ್ಲಿ, ಇನ್ನೂ 36ರ ವಯಸ್ಸಿನಲ್ಲಿ, ನುಜಾಬೆಸ್ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಓದುವಾಗ ಹಿನ್ನೆಲೆಗೆ ಹಾಕಿಕೊಳ್ಳುವ ಸಂಗೀತವೆಂದು ಇದನ್ನು ಬದಿಗಿಡುವವರ ಮಾತನ್ನು ನಾನು ಒಪ್ಪುವುದಿಲ್ಲ.

ನಾಲ್ಕನೆಯದು 'ಮ್ಯಾಡ್‌ವಿಲನಿ' (2004), ತಾಳಕ್ಕೆ ಪ್ರಾಸದ ಮಾತು ಹೇಳಿದ ಎಂಎಫ್ ಡೂಮ್ ಮತ್ತು ಸಂಗೀತ ಕಟ್ಟಿದ ಮ್ಯಾಡ್‌ಲಿಬ್ ಜೋಡಿಯದು. ಸುಮಾರು 46 ನಿಮಿಷಗಳಲ್ಲಿ 22 ತುಣುಕುಗಳಿದ್ದು, ಬಹಳಷ್ಟು ಹಾಡುಗಳಿಗೆ ಪಲ್ಲವಿಯೇ ಇಲ್ಲ. ಹಾಡು ಹಿಡಿತಕ್ಕೆ ಸಿಕ್ಕಿತು ಎನ್ನುವಾಗಲೇ ಮುಗಿದಿರುತ್ತದೆ. ಷಟ್ಪದಿಯ ದ್ವಿತೀಯಾಕ್ಷರ ಪ್ರಾಸಕ್ಕೆ ಪಳಗಿದ ಕಿವಿಗೆ ಡೂಮ್ ಅವರ ಒಳಪ್ರಾಸಗಳ ಸರಣಿ ವಿಶೇಷ ಸುಖ ಕೊಡುತ್ತದೆ, ಆದರೆ ಹಾಡುಗಳ ಇಂಗ್ಲಿಷ್ ಸಾಲುಗಳನ್ನು ಕಣ್ಣೆದುರು ಇಟ್ಟುಕೊಂಡು ಕೇಳುವುದು ಮೇಲು.

ಬ್ರಿಸ್ಟಲ್ಲಿನದೇ ತಂಡವಾದ ಮ್ಯಾಸಿವ್ ಅಟ್ಯಾಕ್‌ನ 'ಮೆಜ್ಜನೀನ್' (1998) ದೊಡ್ಡ ಕೃತಿಯೇ ಹೌದು. ಆದರೂ ಅದರ ದಟ್ಟ ಮೋಡದಂಥ ಕೆಳಸ್ಥಾಯಿಯ ನಾದ ಜಡಿಮಳೆಗೆ ಹೆಚ್ಚು ಒಪ್ಪುವುದರಿಂದ ಅದನ್ನು ಆಷಾಢಕ್ಕೆ ಬಿಟ್ಟಿದ್ದೇನೆ.

ಫೋನಿನ ಸ್ಪೀಕರಿನಲ್ಲಿ ಈ ಆಲ್ಬಮ್‌ಗಳ ಕೆಳಸ್ಥಾಯಿಯ ನಾದ ಪೂರ್ತಿ ಕಳೆದುಹೋಗುತ್ತದೆ, ಆದ್ದರಿಂದ ಸಾಧಾರಣ ಬೆಲೆಯ ಇಯರ್‌ಫೋನ್ ಆದರೂ ಇರಲಿ. ಹಾಡುಗಳ ಕ್ರಮವನ್ನು ಕಲಸಿಬಿಡುವ ಶಫಲ್ ಗುಂಡಿಯನ್ನು ಆಫ್ ಮಾಡಿ, ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಕೇಳಿ. 'ಎಂಡ್‌ಟ್ರೊಡ್ಯೂಸಿಂಗ್'ನಲ್ಲಿ ಹಾಡುಗಳ ನಡುವೆ ಬರುವ ಚಿಕ್ಕ ಚಿಕ್ಕ ಮಾತಿನ ತುಣುಕುಗಳು ಮುಂದಿನ ಹಾಡಿಗೆ ನೆಲ ಹದ ಮಾಡುತ್ತವೆ; ಅವನ್ನು ದಾಟಿಸಿಬಿಟ್ಟರೆ ಆಲ್ಬಮ್‌ನ ಅರ್ಧ ಸೊಗಸು ಕೈತಪ್ಪುತ್ತದೆ.