ಪ್ಯಾಂಕ್ರಿಯಾಸ್ ಸರ್ಜರಿ: ಸ್ವಂತ ರಕ್ತನಾಳವೋ, ಕೃತಕ ನಾಳವೋ?

ಪ್ಯಾಂಕ್ರಿಯಾಸ್‌ನ (ಮೇದೋಜೀರಕ ಗ್ರಂಥಿಯ) ಗಡ್ಡೆ ಪೋರ್ಟಲ್ ವೇನ್‌ಗೆ ಅಂಟಿಕೊಂಡಿದೆ ಎಂದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಕರುಳಿನ ರಕ್ತವನ್ನು ಲಿವರ್‌ಗೆ ಒಯ್ಯುವ ದೊಡ್ಡ ನಾಳ ಅದು. ಎಷ್ಟೋ ಸಲ ಅಂಟಿದ ತುಂಡನ್ನೂ ಗಡ್ಡೆಯ ಜೊತೆಗೇ ತೆಗೆಯಬಹುದು.

ತುಂಡು ಚಿಕ್ಕದಿದ್ದರೆ, ಸುಮಾರು 3 ಸೆಂ.ಮೀ. ಒಳಗೆ, ಎರಡು ತುದಿಗಳನ್ನೇ ಕೂಡಿಸಿ ತೀರಾ ಸಣ್ಣ ದಾರದಲ್ಲಿ ಹೊಲಿಯುತ್ತಾರೆ. ಕೊನೆಯ ಗಂಟನ್ನು ಸ್ವಲ್ಪ ಸಡಿಲ ಬಿಡುವುದುಂಟು. ರಕ್ತ ನುಗ್ಗಿದಾಗ ನಾಳ ಹಿಗ್ಗಬೇಕಲ್ವಾ? ಇಷ್ಟರಲ್ಲೇ ಮುಗಿದರೆ ಗ್ರಾಫ್ಟ್, ಅಂದರೆ ನಡುವೆ ಜೋಡಿಸುವ ಬೇರೆ ನಾಳದ ತುಂಡು, ಬೇಡವೇ ಬೇಡ.

ಅಂತರ ಜಾಸ್ತಿಯಾದರೆ ಆಯ್ಕೆಯ ಪ್ರಶ್ನೆ ಬರುತ್ತದೆ. ಸ್ವಂತ ನಾಳವೆಂದರೆ ಕುತ್ತಿಗೆಯ ಜುಗುಲರ್ ವೇನ್ ಅಥವಾ ಎಡ ಕಿಡ್ನಿಯ ವೇನ್. ಸ್ವಂತದ್ದಕ್ಕೆ ಸೋಂಕಿನ ಭಯ ಕಡಿಮೆ. ಆದರೆ ಜುಗುಲರ್ ತೆಗೆಯಲು ಕುತ್ತಿಗೆಯಲ್ಲಿ ಇನ್ನೊಂದು ಗಾಯ, ಜೊತೆಗೆ ಹೆಚ್ಚಿನ ಸಮಯ.

ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್‌ನ ಕೃತಕ ನಾಳ ಬೇಕಾದ ಅಳತೆಯಲ್ಲಿ ತಕ್ಷಣ ಸಿಗುತ್ತದೆ, ಬೇರೆ ಕಡೆ ಕೊಯ್ಯಬೇಕಿಲ್ಲ. ಚಿಂತೆಯೆಂದರೆ, ಪಕ್ಕದಲ್ಲೇ ಕರುಳಿನ, ಪಿತ್ತನಾಳದ ಹೊಸ ಹೊಲಿಗೆಗಳಿರುತ್ತವೆ. ಅಲ್ಲಿ ರಸ ಸೋರಿದರೆ ಕೃತಕ ನಾಳಕ್ಕೆ ಸೋಂಕು ಹತ್ತಬಹುದು, ಹತ್ತಿದರೆ ವಾಸಿ ಮಾಡುವುದು ಕಷ್ಟ. ರಕ್ತ ಹೆಪ್ಪುಗಟ್ಟುವ ಭಯ ಎರಡಕ್ಕೂ ಇದೆ. ಸಮಯವಿದ್ದು, ರೋಗಿಯ ಮೈ ತಡೆಯುವಂತಿದ್ದರೆ ನನ್ನ ಒಲವು ಸ್ವಂತ ನಾಳದ ಕಡೆಗೇ.

ನಾಳದ ಒಂದು ಬದಿ ಮಾತ್ರ ಹೋದರೆ ತೇಪೆ ಸಾಕು. ತೇಪೆಗೆ ಬೇಕಾದ ತುಂಡನ್ನು ಹೊಟ್ಟೆಯೊಳಗಿನ ಪೊರೆಯಿಂದಲೇ ತೆಗೆದುಕೊಳ್ಳಬಹುದು. ದನದ ಹೃದಯದ ಪೊರೆಯನ್ನೂ ಬಳಸುತ್ತಾರೆ. ಅದು ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಸಹಿ ಹಾಕುವ ಮೊದಲೇ ಸರ್ಜನ್‌ಗೆ ಹೇಳಿ.